ಯಜಮಾನರ ವರ್ಕ್‌ಶಾಪ್ ನಾನೇ ಕೊಂಡುಕೊಳ್ಳಬಹುದಾ?

ಪ್ರಶ್ನೆ: ನನಗೆ 42 ವರ್ಷ. ಊರು ಪಾವಗಡದ ಹತ್ತಿರ. ಐಟಿಐ ಟರ್ನರ್ ಮುಗಿಸಿ ಬೆಂಗಳೂರಿಗೆ ಬಂದೆ. 18 ವರ್ಷದಿಂದ ಪೀಣ್ಯದ ಒಂದೇ ವರ್ಕ್‌ಶಾಪ್‌ನಲ್ಲಿದ್ದೇನೆ. ಆಪರೇಟರ್ ಆಗಿ ಸೇರಿದವನು ಈಗ ಸೂಪರ್‌ವೈಸರ್. ಕಂಪ್ಯೂಟರ್‌ನಿಂದ ಓಡುವ ಮೂರು ಸಿಎನ್‌ಸಿ ಲೇತ್, ಎರಡು ವಿಎಂಸಿ ಮಿಲ್ಲಿಂಗ್ ಯಂತ್ರ, ಒಂದು ಗ್ರೈಂಡರ್, ಎರಡು ಹಳೇ ಎಚ್‌ಎಂಟಿ ಲೇತ್ ಇವೆ. ನಾನೂ ಸೇರಿ 14 ಜನ ಕೆಲಸಗಾರರು. ವರ್ಷಕ್ಕೆ 2.1 ಕೋಟಿ ವಹಿವಾಟು. ಯಜಮಾನರಿಗೆ 71 ಆಯಿತು. ಮಕ್ಕಳಿಬ್ಬರೂ ಅಮೆರಿಕದಲ್ಲಿದ್ದಾರೆ, ಅವರಿಗೆ ಇದು ಬೇಡ. ‘ನೀನೇ ತಗೋ, 1.6 ಕೋಟಿ ಕೊಡು, ಶೆಡ್ ಬಾಡಿಗೆಗೆ ಇಟ್ಕೋ’ ಅನ್ನುತ್ತಾರೆ. ನನ್ನ ಕೈಯಲ್ಲಿರುವುದು 11 ಲಕ್ಷ. ಊರಲ್ಲಿ ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ ಒಂದೂವರೆ ಎಕರೆ ಇದೆ. ನಾವು ಪರಿಶಿಷ್ಟ ಜಾತಿಯವರು. ಸ್ಕೀಮ್‌ನಲ್ಲಿ ಸಾಲ ಸುಲಭವಾಗಿ ಸಿಗುತ್ತೆ ಎಂದು ಕೆಲವರು ಹೇಳುತ್ತಾರೆ. ಓನರ್ ಯಾರು ಅಂತ ಗೊತ್ತಾದರೆ ಆರ್ಡರ್ ನಿಲ್ಲುತ್ತೆ ಎಂದು ನಮ್ಮ ಮಾವನೇ ಹೆದರಿಸುತ್ತಾರೆ. ಟೆಂಡರ್ ಮಾಡುವ ಒಬ್ಬರು ‘ದುಡ್ಡು ನಮ್ಮದು, ಹೆಸರು ನಿಮ್ಮದು’ ಎಂದು ಬಂದಿದ್ದಾರೆ. ಇನ್ನೊಂದು ಕಡೆ ಶೆಡ್ಡನ್ನು ಗೋಡೌನ್ ಮಾಡಿಸಲು ಒಬ್ಬ ಬ್ರೋಕರ್ ಯಜಮಾನರ ಹಿಂದೆ ಬಿದ್ದಿದ್ದಾನೆ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೊತೆಗೆ ಕಳಿಸಿದ ಮೂರು ವರ್ಷದ ಲೆಕ್ಕವನ್ನೂ ನೋಡಿದೆ. ಸಾಲ ಸಿಗುತ್ತಾ ಎಂದು ನೀವು ಕೇಳಿದ್ದೀರಿ. ಅದರ ಹಿಂದೆ ಇನ್ನೊಂದು ಭಯ ಕಾಣುತ್ತಿದೆ. 18 ವರ್ಷ ದುಡಿದ ಜಾಗವನ್ನು ಕೊಂಡು, ಅದನ್ನು ಉಳಿಸಿಕೊಳ್ಳಲಾಗದೆ, ಇರುವ 11 ಲಕ್ಷವನ್ನೂ ಕಳೆದುಕೊಂಡರೆ? ಈ ಭಯ ಸರಿಯಾದದ್ದೇ. ಅದನ್ನು ಪಕ್ಕಕ್ಕೆ ತಳ್ಳದೆ ಲೆಕ್ಕ ಹಾಕೋಣ.

ನಾನು ಬಹಳ ವರ್ಷ ಸಣ್ಣ ಕೈಗಾರಿಕೆಗಳ ಸಾಲದ ಫೈಲು ನೋಡಿದವನು. ಈಗ ವರ್ಕ್‌ಶಾಪ್‌ಗಳು ಕೈ ಬದಲಾಗುವಾಗ ಎರಡೂ ಕಡೆಯವರ ಜೊತೆ ಕೂತು ಲೆಕ್ಕ ನೋಡುತ್ತೇನೆ. ನಿಮ್ಮಂಥ ಪತ್ರಗಳು ಈಚೆಗೆ ಜಾಸ್ತಿ ಬರುತ್ತಿವೆ, ಅದಕ್ಕೆ ಕಾರಣವಿದೆ. ಪೀಣ್ಯ ಬೆಳೆದದ್ದು 1970ರ ದಶಕದಿಂದ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಎನ್‌ಜಿಇಎಫ್‌ನಂಥ ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು ಒಂದೆರಡು ಲೇತ್ ಹಾಕಿಕೊಂಡು ಶುರು ಮಾಡಿದರು. ಆ ತಲೆಮಾರಿಗೆ ಈಗ ಎಪ್ಪತ್ತು ದಾಟುತ್ತಿದೆ. ಮಕ್ಕಳನ್ನು ಓದಿಸಿದರು, ಅವರು ಬೇರೆ ದಾರಿ ಹಿಡಿದರು. 2014ರಲ್ಲಿ ಮೆಟ್ರೋ ಬಂತು, ಜಾಗದ ಬೆಲೆ ಏರಿತು. ಯಂತ್ರಕ್ಕಿಂತ ಅದರ ಕೆಳಗಿನ ನೆಲವೇ ದುಬಾರಿಯಾಯಿತು. ಹಾಗಾಗಿ ಚೆನ್ನಾಗಿ ನಡೆಯುವ ಶಾಪ್ ಕೂಡ ಒಂದು ದಿನ ಸುಮ್ನೆ ಬಾಗಿಲು ಹಾಕುತ್ತದೆ. ಕೆಲಸ ಗೊತ್ತಿರುವ ಹದಿನಾಲ್ಕು ಜನ ಹದಿನಾಲ್ಕು ದಿಕ್ಕಿಗೆ ಹೋಗುತ್ತಾರೆ.

ಹಾಗಾದರೆ ಆ ಹದಿನಾಲ್ಕು ಜನರಲ್ಲೇ ಒಬ್ಬರು ಯಾಕೆ ಕೊಳ್ಳುವುದಿಲ್ಲ? ಕೆಲಸ ಬರುವುದಿಲ್ಲ ಎಂದಲ್ಲ. ನಿಮ್ಮ ಶಾಪ್‌ನಲ್ಲಿ ಪ್ರೋಗ್ರಾಂ ಹಾಕುವವರು, ರಿಜೆಕ್ಷನ್ ಬಂದಾಗ ರಾತ್ರಿ ಕೂತು ಸರಿ ಮಾಡುವವರು ನೀವೇ ಎಂದು ಬರೆದಿದ್ದೀರಿ. ಕೊರತೆ ಇರುವುದು ಬೇರೆ ಕಡೆ. ಅಡವಿಡಲು ಅಪ್ಪ ಬಿಟ್ಟುಹೋದ ಸೈಟು ಇಲ್ಲ. ಜಾಮೀನು ಹಾಕಲು ಅಂಗಡಿ ಇಟ್ಟ ಚಿಕ್ಕಪ್ಪ ಇಲ್ಲ. ಶಾಪ್ ಮಾರಾಟಕ್ಕಿದೆ ಎಂಬ ಸುದ್ದಿ ಮದುವೆಮನೆಯಲ್ಲಿ, ಸಂಘದ ಊಟದಲ್ಲಿ ಓಡಾಡುತ್ತದೆ. ಆ ಊಟಕ್ಕೆ ನಿಮ್ಮವರಿಗೆ ಕರೆ ಇರುವುದಿಲ್ಲ. ಜಾತಿ ಇಲ್ಲಿ ಹೀಗೆ ಕೆಲಸ ಮಾಡುತ್ತದೆ, ಬಹಳ ಸಲ ಒಂದು ಕೆಟ್ಟ ಮಾತೂ ಇಲ್ಲದೆ. ನಿಮಗೆ ಯಜಮಾನರೇ ಬಾಯಿಬಿಟ್ಟು ‘ನೀನೇ ತಗೋ’ ಎಂದಿದ್ದಾರಲ್ಲ, ಅದು ದೊಡ್ಡ ಆಸ್ತಿ. ಅದನ್ನು ಕಡಿಮೆ ಅಂದಾಜು ಮಾಡಬೇಡಿ.

ಈಗ ನೀವು ಕೇಳಿಸಿಕೊಂಡ ಮಾತುಗಳಿಗೆ ಬರೋಣ. ಮೊದಲನೆಯದು, ಸ್ಕೀಮ್‌ನಲ್ಲಿ ಸಾಲ ಸುಲಭ ಎನ್ನುವುದು. ಅರ್ಧ ನಿಜ. ತೊಂದರೆ ಏನೆಂದರೆ, ಹೆಚ್ಚಿನ ಸ್ಕೀಮ್‌ಗಳನ್ನು ಹೊಸದಾಗಿ ಶುರು ಮಾಡುವವರಿಗೆ ಬರೆದಿದ್ದಾರೆ. ನಡೆಯುತ್ತಿರುವ ಕಾರ್ಖಾನೆಯನ್ನು ಕೊಳ್ಳುವವರು ಬರೆದವರ ಕಣ್ಣ ಮುಂದೆ ಇರಲಿಲ್ಲ. ಸ್ವಂತ ಉದ್ಯೋಗಕ್ಕೆ ಕೇಂದ್ರ ಸಬ್ಸಿಡಿ ಕೊಡುವ ಪಿಎಂಇಜಿಪಿಯಲ್ಲಿ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಹಳೇ ಘಟಕ ತೋರಿಸಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. 2016ರಲ್ಲಿ ಬಂದ ಸ್ಟ್ಯಾಂಡ್‌ಅಪ್ ಇಂಡಿಯಾ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡುತ್ತಿತ್ತು, ಅದೂ ಮೊದಲ ಸಲ ಉದ್ಯಮಕ್ಕೆ ಇಳಿಯುವವರಿಗೆ. ಅದರ ಅವಧಿ 2025ರ ಮಾರ್ಚ್‌ವರೆಗೆ ಇತ್ತು. 2025ರ ಕೇಂದ್ರ ಬಜೆಟ್‌ನಲ್ಲಿ ಮಹಿಳೆಯರು, ಎಸ್‌ಸಿ, ಎಸ್‌ಟಿ ಸಮುದಾಯದ 5 ಲಕ್ಷ ಹೊಸ ಉದ್ಯಮಿಗಳಿಗೆ 2 ಕೋಟಿವರೆಗಿನ ಅವಧಿ ಸಾಲದ ಯೋಜನೆ ಘೋಷಿಸಿದರು. ಅಲ್ಲೂ ‘ಮೊದಲ ಸಲ’ ಎಂಬ ಮಾತಿದೆ.

ಆದರೆ ‘ಮೊದಲ ಸಲ’ ಯಾರಿಗೆ ಎನ್ನುವುದನ್ನು ಗಮನಿಸಿ. ಸ್ಟ್ಯಾಂಡ್‌ಅಪ್ ಇಂಡಿಯಾ ನಿಯಮದಲ್ಲಿ ಅದು ಸಾಲ ಪಡೆಯುವವನ ಮೊದಲ ಉದ್ಯಮ ಎಂದು ಬರೆದಿತ್ತು, ಯಂತ್ರ ಹೊಸದಿರಬೇಕು ಎಂದಲ್ಲ. ನೀವು ಯಜಮಾನರ ಹಳೇ ಫರ್ಮ್ ಒಳಗೆ ಹೋಗಿ ಕೂತರೆ ಮ್ಯಾನೇಜರ್ ‘ಇದು ಹಳೇ ಘಟಕ’ ಅನ್ನುತ್ತಾರೆ. ನಿಮ್ಮದೇ ಹೊಸ ಸಂಸ್ಥೆ ಮಾಡಿ, ಅದರ ಹೆಸರಿಗೆ ಯಂತ್ರಗಳನ್ನು ಕೊಂಡರೆ ವಾದಕ್ಕೆ ಜಾಗವಿದೆ. ಬಳಸಿದ ಯಂತ್ರಕ್ಕೆ ಸಾಲ ಕೊಡುವುದು ಬ್ಯಾಂಕಿನ ವಿವೇಚನೆ. ಬೆಲೆ ಕಟ್ಟುವ ಸ್ವತಂತ್ರ ವ್ಯಾಲ್ಯುಯರ್ ವರದಿ, ಯಂತ್ರದ ಉಳಿದ ಆಯಸ್ಸು, ಎರಡೂ ಬರವಣಿಗೆಯಲ್ಲಿ ಬೇಕು.

ಅಡಮಾನದ ಬದಲು ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಟ್ರಸ್ಟಿನ ಗ್ಯಾರಂಟಿ ಇದೆ. ಆಸ್ತಿ ಅಡವಿಲ್ಲದ ಸಾಲಕ್ಕೆ ಇದು ಬ್ಯಾಂಕಿಗೆ ಭರವಸೆ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ. ನಿಮ್ಮ ಮೊತ್ತ ಅದರೊಳಗೆ ಆರಾಮಾಗಿ ಬರುತ್ತದೆ. ರಾಜ್ಯದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಬಡ್ಡಿ ಸಹಾಯಧನವಿದೆ, ಉದ್ಯಮಿಯ ಮೇಲೆ ಬೀಳುವ ಬಡ್ಡಿ ಶೇ 4ರ ಮಟ್ಟಕ್ಕೆ ಇಳಿಯುತ್ತದೆ. ಬಳಸಿದ ಯಂತ್ರಕ್ಕೂ ಅದು ಸಿಗುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ‘ಆಗುತ್ತೆ’ ನಂಬಿ ಅಡ್ವಾನ್ಸ್ ಕೊಟ್ಟವರನ್ನು ನೋಡಿದ್ದೇನೆ.

ಮಂಜೂರಾದ ಜಮೀನಿನ ವಿಷಯ ಬೇರೆ. ಅದು ನಮ್ಮ ರಾಜ್ಯದ 1978ರ ಪಿಟಿಸಿಎಲ್ ಕಾಯ್ದೆಯ ಕೆಳಗೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಖಾಸಗಿಯವರಿಗೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ನಿಮ್ಮ ಹಿರಿಯರ ಭೂಮಿ ಕೈ ತಪ್ಪದಿರಲಿ ಎಂದೇ ಆ ಕಾಯ್ದೆ ಬಂದದ್ದು. ಫೈನಾನ್ಸ್‌ನವರು ‘ಒಂದು ಅಗ್ರಿಮೆಂಟ್ ಮಾಡಿಕೊಳ್ಳೋಣ’ ಎಂದರೆ ಬೇಡ ಎನ್ನಿ. ಈ ವ್ಯವಹಾರಕ್ಕೆ ಆ ಜಮೀನು ಬೇಕಾಗಿಲ್ಲ. ಶಾಪ್ ಮುಳುಗಿದರೂ ಆ ಒಂದೂವರೆ ಎಕರೆ ನಿಮ್ಮ ಮನೆಯಲ್ಲೇ ಉಳಿಯಬೇಕು.

ಇನ್ನು 1.6 ಕೋಟಿ. ನನ್ನ ಪ್ರಕಾರ ಮುಖ್ಯ ವಿಷಯ ಇದೇ. ಯಜಮಾನರು ಮೋಸ ಮಾಡುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಅವರು ಮೂವತ್ತು ನಲವತ್ತು ವರ್ಷದ ಬೆವರಿಗೆ ಬೆಲೆ ಕಟ್ಟುತ್ತಿದ್ದಾರೆ. ಆದರೆ ನೀವು ಕಟ್ಟಬೇಕಾದ ಕಂತು ಅವರ ಬೆವರಿನಿಂದ ಬರುವುದಿಲ್ಲ, ಮುಂದಿನ ಏಳು ವರ್ಷದ ದುಡಿಮೆಯಿಂದ ಬರಬೇಕು.

ಅವರ ಲೆಕ್ಕದಲ್ಲಿ ಬಡ್ಡಿ, ಸವಕಳಿ ಕಳೆಯುವ ಮೊದಲಿನ ಲಾಭ ವರ್ಷಕ್ಕೆ 32 ಲಕ್ಷ. ನೋಡಲು ಚೆನ್ನಾಗಿದೆ. ಆದರೆ ಅವರ ಶೆಡ್ ಸ್ವಂತದ್ದು, ಬಾಡಿಗೆ ಎಂಬ ಖರ್ಚೇ ಅಲ್ಲಿಲ್ಲ. ನೀವು ತಿಂಗಳಿಗೆ 60 ಸಾವಿರ ಕೊಡಬೇಕು, ಅಂದರೆ ವರ್ಷಕ್ಕೆ 7.2 ಲಕ್ಷ. ನೀವು ಯಜಮಾನರ ಕುರ್ಚಿಗೆ ಹೋದರೆ ಕೊಟೇಶನ್, ವಸೂಲಿ, ಬ್ಯಾಂಕು ಅಂತ ಹೊರಗೆ ಓಡಾಡಬೇಕು. ಶಾಪ್ ಒಳಗೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬೇಕು. ಪಿಎಫ್ ಎಲ್ಲ ಸೇರಿ ತಿಂಗಳಿಗೆ 45 ಸಾವಿರ ಇಟ್ಟರೂ 5.4 ಲಕ್ಷ. ಮತ್ತೊಂದು, ಗಿರಾಕಿಗಳ ದುಡ್ಡು ಬರುವುದು 60ರಿಂದ 90 ದಿನಕ್ಕೆ. ಅಲ್ಲಿಯವರೆಗೆ ಯಜಮಾನರು ತಮ್ಮ ಕೈದುಡ್ಡು ಹಾಕಿ ನಡೆಸುತ್ತಿದ್ದರು. ನೀವು ಬ್ಯಾಂಕಿನ ಸಿಸಿ ಲಿಮಿಟ್‌ನಿಂದ, ಅಂದರೆ ಬೇಕಾದಾಗ ತೆಗೆದು ಕಟ್ಟುವ ಸಾಲದಿಂದ ನಡೆಸಬೇಕು. ಸರಾಸರಿ 25 ಲಕ್ಷ ಬಳಸಿದರೆ ಶೇ 11ರಲ್ಲಿ 2.75 ಲಕ್ಷ ಬಡ್ಡಿ. ಎಲ್ಲ ಕಳೆದರೆ ನಿಮ್ಮ ಕೈಗೆ ಉಳಿಯುವುದು 16.65 ಲಕ್ಷ.

ಈಗ 1.4 ಕೋಟಿ ಸಾಲ ತೆಗೆದಿರಿ ಎಂದುಕೊಳ್ಳಿ. ಶೇ 11, ಏಳು ವರ್ಷ. ಕಂತು ತಿಂಗಳಿಗೆ 2.4 ಲಕ್ಷ, ವರ್ಷಕ್ಕೆ 28.8 ಲಕ್ಷ. ಉಳಿಯುವುದು 16.65, ಕಟ್ಟಬೇಕಾದ್ದು 28.8. ಇದು ಮೊದಲ ವರ್ಷವೇ ಮುಳುಗುವ ದೋಣಿ. ಸ್ಕೀಮ್‌ನಲ್ಲಿ ಸಾಲ ಸಿಕ್ಕರೂ ಮುಳುಗುತ್ತದೆ. ನಿಜ ಹೇಳಬೇಕೆಂದರೆ ಸಿಕ್ಕಿದರೇ ಮುಳುಗುವುದು.

ಹಿಂದಿನಿಂದ ಲೆಕ್ಕ ಹಾಕೋಣ. ಒಂದು ರೂಪಾಯಿ ಕಂತಿಗೆ ಒಂದೂವರೆ ರೂಪಾಯಿಯಾದರೂ ಬರಬೇಕು ಎನ್ನುವುದು ಸಾಲ ಕೊಡುವವರ ಹಳೇ ಅಳತೆ. ಆ ಪ್ರಕಾರ ನೀವು ವರ್ಷಕ್ಕೆ 11 ಲಕ್ಷದ ಆಸುಪಾಸು ಕಂತು ತಾಳಬಹುದು. ಅಂದರೆ 55 ಲಕ್ಷ ಸಾಲ, ತಿಂಗಳಿಗೆ 94 ಸಾವಿರ ಕಂತು. ನಿಮ್ಮ 11 ಲಕ್ಷದಲ್ಲಿ 8 ಹಾಕಿ, 3 ಮನೆಗೆ ಇಟ್ಟುಕೊಳ್ಳಿ. ಉಳಿದ 25 ಲಕ್ಷವನ್ನು ಯಜಮಾನರೇ ನಿಮಗೆ ಸಾಲವಾಗಿ ಬಿಡಬೇಕು, ನೀವು ವರ್ಷಕ್ಕೆ ನಾಲ್ಕು ಲಕ್ಷ ಚಿಲ್ಲರೆಯಂತೆ ಆರು ವರ್ಷದಲ್ಲಿ ತೀರಿಸಬೇಕು, ಮೊದಲ ವರ್ಷ ರಜೆ. ಒಟ್ಟು 88 ಲಕ್ಷ. ಈ ಶಾಪ್ ಹೊರಬಲ್ಲ ಬೆಲೆ ಅಷ್ಟೇ, ಅದೂ ಬಿಗಿಯಾಗಿ. ಕೆಎಸ್‌ಎಫ್‌ಸಿಯಲ್ಲಿ ಶೇ 4ರ ಬಡ್ಡಿ ನಿಮಗೆ ಅನ್ವಯಿಸಿದರೆ ಕಂತು ತಿಂಗಳಿಗೆ 75 ಸಾವಿರಕ್ಕೆ ಇಳಿಯುತ್ತದೆ, ವರ್ಷಕ್ಕೆ 2 ಲಕ್ಷದ ಮೇಲೆ ಉಸಿರಾಡಲು ಸಿಗುತ್ತದೆ. ಆ ಉಳಿತಾಯವನ್ನು ಬೆಲೆ ಏರಿಸಲು ಬಳಸಬೇಡಿ.

71 ವರ್ಷದ ಮನುಷ್ಯನಿಗೆ 1.6 ಕೋಟಿಯ ಬದಲು 88 ಲಕ್ಷ ಎಂದು ಹೇಗೆ ಹೇಳುವುದು? ಅವರ ಕಡೆಯ ಲೆಕ್ಕವನ್ನೂ ಅವರ ಮುಂದೆಯೇ ಹಾಕಿ. ನೆಲ, ಶೆಡ್ ಅವರದೇ ಉಳಿಯುತ್ತದೆ. ನಿಮ್ಮ ಬಾಡಿಗೆ ಹತ್ತು ವರ್ಷಕ್ಕೆ 72 ಲಕ್ಷ. ಗೋಡೌನ್‌ನಿಂದ ಬಾಡಿಗೆ ಇದಕ್ಕಿಂತ ಜಾಸ್ತಿ ಬರಬಹುದು, ಅದನ್ನು ಮುಚ್ಚಿಡಬೇಡಿ. ಆದರೆ ಬಾಗಿಲು ಹಾಕಿದರೆ ಎಲ್ಲರ ಗ್ರಾಚ್ಯುಟಿ, ಮುಚ್ಚುವಿಕೆಯ ಪರಿಹಾರ ಎರಡನ್ನೂ ಅವರೇ ಒಟ್ಟಿಗೆ ಕೊಡಬೇಕು. ಯಂತ್ರ ಬಿಡಿಬಿಡಿಯಾಗಿ ಮಾರಿದರೆ ಓಡುತ್ತಿರುವ ಶಾಪ್‌ನ ಬೆಲೆ ಬರುವುದಿಲ್ಲ. ಇಂಥ ಮಾತುಕತೆಯಲ್ಲಿ ನಾನು ಕೂತಾಗ ಹಿರಿಯರನ್ನು ಒಪ್ಪಿಸಿದ್ದು ಹೆಚ್ಚಾಗಿ ಹಣದ ಮಾತಲ್ಲ. ತಾವು ತಯಾರು ಮಾಡಿದ ಹುಡುಗರು ಬೀದಿಗೆ ಬೀಳುವುದಿಲ್ಲ, ತಾವು ಬೇಕೆಂದಾಗ ಬಂದು ಯಂತ್ರದ ಸದ್ದು ಕೇಳಬಹುದು ಎನ್ನುವ ಸಮಾಧಾನ. ಅದನ್ನು ಮನಸ್ಸಿನಿಂದ ಹೇಳಿ, ಯಾಕೆಂದರೆ ಅದು ನಿಜ.

ಬೆಲೆಯಿಂದ ಕಳೆಯಬೇಕಾದ ಇನ್ನೊಂದು ಇದೆ. ಜನ ಇದನ್ನು ಮರೆಯುತ್ತಾರೆ. ನಿಮ್ಮ ಶಾಪ್‌ನಲ್ಲಿ ಐದು ವರ್ಷ ದಾಟಿದವರು ನಿಮ್ಮನ್ನು ಬಿಟ್ಟು ಹತ್ತು ಜನ, ಸರಾಸರಿ ಹನ್ನೆರಡು ವರ್ಷ ಸರ್ವಿಸ್, 18 ಸಾವಿರ ವೇತನ. ಗ್ರಾಚ್ಯುಟಿ ಎಂದರೆ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುವುದು. ತಲೆಗೆ 1.25 ಲಕ್ಷದ ಹತ್ತಿರ, ಹತ್ತು ಜನಕ್ಕೆ 12.5 ಲಕ್ಷ. ಇದು ಯಜಮಾನರ ಕಾಲದ ಸಾಲ. ಸರ್ವಿಸ್ ಮುಂದುವರಿಸಿ ನೀವು ವಹಿಸಿಕೊಂಡರೆ ನಿಮ್ಮ ತಲೆಗೆ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಭತ್ಯೆಗಳು ಅರ್ಧಕ್ಕಿಂತ ಜಾಸ್ತಿಯಿದ್ದರೆ ಆ ಹೆಚ್ಚಿನ ಭಾಗವೂ ವೇತನಕ್ಕೆ ಸೇರುತ್ತದೆ. ಹಾಗಾಗಿ ಮೂಲ ವೇತನ ಕಡಿಮೆ ತೋರಿಸಿದ ಕಡೆ ಈ ಮೊತ್ತ ಏರುತ್ತದೆ. ಒಂದೋ ಅವರು ಈಗಲೇ ಕೊಟ್ಟು ಚುಕ್ತಾ ಮಾಡಲಿ, ಇಲ್ಲ ನಿಮಗೆ ಬಿಟ್ಟ 25 ಲಕ್ಷದಲ್ಲಿ ಮುರಿದುಕೊಳ್ಳಿ. ಮತ್ತೆ, ನಿಮಗೂ 18 ವರ್ಷದ ಗ್ರಾಚ್ಯುಟಿ ಬರಬೇಕಲ್ವಾ? ವೇತನ 25 ಸಾವಿರ ಎಂದಿದ್ದೀರಿ, ಅದಕ್ಕೆ ಸುಮಾರು 2.6 ಲಕ್ಷ. ಸಂಕೋಚದಿಂದ ಬಿಟ್ಟುಬಿಡಬೇಡಿ. ಅದು ನಿಮ್ಮ ಬಂಡವಾಳ.

ಪಿಎಫ್, ಇಎಸ್‌ಐ, ಜಿಎಸ್‌ಟಿ ಬಾಕಿಯೂ ಹಾಗೆಯೇ. ನಡೆಯುತ್ತಿರುವ ಘಟಕ ಕೈ ಬದಲಾದರೆ ಹಳೇ ಬಾಕಿಗೆ ಕಾನೂನು ಇಬ್ಬರನ್ನೂ ಹೊಣೆ ಮಾಡುತ್ತದೆ. ಶಾಪ್ ಕೊಂಡ ಒಬ್ಬರಿಗೆ ಎಂಟು ತಿಂಗಳಾದ ಮೇಲೆ, ತಾವು ಮಾಲೀಕರೇ ಅಲ್ಲದ ವರ್ಷಗಳ ಪಿಎಫ್ ನೋಟಿಸ್ ಬಂತು. ಮಾರಿದವರು ಆಗಲೇ ಮಗಳ ಜೊತೆ ವಿದೇಶದಲ್ಲಿದ್ದರು. ಆದ್ದರಿಂದ ಯಜಮಾನರಿಗೆ ಕೊಡುವ ಕೊನೆಯ ಕಂತುಗಳು ಹಿಂದೆ ಇರುವುದು ನಿಮಗೆ ರಕ್ಷಣೆ ಕೂಡ. ಹಳೇ ಬಾಕಿ ಏನಾದರೂ ಬಂದರೆ ಅದರಲ್ಲಿ ಮುರಿದುಕೊಳ್ಳುತ್ತೇನೆ ಎಂಬ ಒಂದು ವಾಕ್ಯ ಕರಾರಿನಲ್ಲಿ ಇರಲೇಬೇಕು.

ಜಿಎಸ್‌ಟಿಯಲ್ಲಿ ಒಂದು ಇಕ್ಕಟ್ಟು ಇದೆ. ಇಡೀ ವ್ಯವಹಾರವನ್ನು ನಡೆಯುತ್ತಿರುವ ಸ್ಥಿತಿಯಲ್ಲಿ ಒಟ್ಟಾಗಿ ವಹಿಸಿಕೊಟ್ಟರೆ ಜಿಎಸ್‌ಟಿ ಇಲ್ಲ. ಯಂತ್ರಗಳನ್ನು ಒಂದೊಂದಾಗಿ ಬಿಲ್ ಮಾಡಿದರೆ ಶೇ 18. 88 ಲಕ್ಷಕ್ಕೆ ಅದು ಹತ್ತಿರ ಹತ್ತಿರ 16 ಲಕ್ಷ. ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ ನಿಜ, ಆದರೆ ನಿಧಾನವಾಗಿ. ಮೊದಲ ದಿನ ಕೈಯಿಂದ ಹೋಗಬೇಕು. ಬ್ಯಾಂಕಿಗೆ ಯಂತ್ರವಾರು ಬಿಲ್ ಇಷ್ಟ, ನಿಮಗೆ ಒಟ್ಟು ವರ್ಗಾವಣೆ ಲಾಭ. ಇದನ್ನು ಅರ್ಜಿ ಹಾಕುವ ಮೊದಲೇ ಲೆಕ್ಕಪರಿಶೋಧಕರನ್ನೂ ಬ್ಯಾಂಕಿನವರನ್ನೂ ಒಂದೇ ಮೇಜಿಗೆ ಕೂರಿಸಿ ಬಗೆಹರಿಸಿಕೊಳ್ಳಿ.

ಈಗ ನಿಮ್ಮ ಮಾವನ ಮಾತು. ಜಾತಿಯಿಂದ ಆರ್ಡರ್ ಹೋಗುವುದೇ ಇಲ್ಲ ಎಂದು ನಾನು ಹೇಳಲಾರೆ. ಹೋದದ್ದನ್ನು ನೋಡಿದ್ದೇನೆ, ಯಾರೂ ಕಾರಣ ಹೇಳುವುದಿಲ್ಲ, ಫೋನ್ ಬರುವುದು ನಿಲ್ಲುತ್ತದೆ. ಇದು ಜಾಸ್ತಿ ಆಗುವುದು ಪರಿಚಯದ ಮೇಲೆ ಕೆಲಸ ಕೊಡುವ ಸಣ್ಣ ಗಿರಾಕಿಗಳಲ್ಲಿ. ದೊಡ್ಡ ಕಂಪನಿಗಳಲ್ಲಿ ನಿಮ್ಮನ್ನು ಅಳೆಯುವುದು ರಿಜೆಕ್ಷನ್ ಎಷ್ಟು, ಡೆಲಿವರಿ ಹೇಗೆ ಎಂಬ ತಿಂಗಳ ರೇಟಿಂಗ್. ನಿಮ್ಮ ವಹಿವಾಟಿನ ಶೇ 60 ಒಂದೇ ದೊಡ್ಡ ಗಿರಾಕಿಯಿಂದ ಬರುತ್ತದೆ ಎಂದಿದ್ದೀರಿ. ಅಲ್ಲಿ ನನಗೆ ಜಾತಿಗಿಂತ ಹೆಚ್ಚಿನ ಭಯ ಇನ್ನೊಂದಿದೆ: ವೆಂಡರ್ ಕೋಡ್, ಅಂದರೆ ಗಿರಾಕಿ ಕಂಪನಿ ತನಗೆ ಮಾಲು ಕೊಡುವವರಿಗೆ ನೀಡುವ ನೋಂದಣಿ ಸಂಖ್ಯೆ.

ಯಜಮಾನರದು ಒಬ್ಬರದೇ ಮಾಲೀಕತ್ವ. ವೆಂಡರ್ ಕೋಡ್, ಜಿಎಸ್‌ಟಿ ನಂಬರ್, ಸಣ್ಣ ಕೈಗಾರಿಕೆಯ ‘ಉದ್ಯಮ್’ ನೋಂದಣಿ ಎಲ್ಲವೂ ಅವರ ಪ್ಯಾನ್‌ಗೆ ಅಂಟಿಕೊಂಡಿವೆ. ಪ್ಯಾನ್ ಬದಲಾದರೆ ಗಿರಾಕಿಯ ಕಣ್ಣಲ್ಲಿ ನೀವು ಹೊಸಬರು. ಹೊಸ ಅರ್ಜಿ, ಆಡಿಟ್, ಸ್ಯಾಂಪಲ್ ಪೀಸ್ ಅನುಮೋದನೆ. ಮೂರು ತಿಂಗಳೂ ಆಗಬಹುದು, ಎಂಟೂ ಆಗಬಹುದು. ಅಷ್ಟು ದಿನ ಯಂತ್ರ ಸುಮ್ಮನಿದ್ದರೂ ಕಂತು ಸುಮ್ಮನಿರುವುದಿಲ್ಲ. ನೀವು ನಿಜವಾಗಿ ಕೊಳ್ಳುತ್ತಿರುವುದು ಆ ಐದು ಸಿಎನ್‌ಸಿ, ವಿಎಂಸಿಗಳನ್ನಲ್ಲ, ಈ ಕೋಡನ್ನು. ಯಂತ್ರ ಬೇರೆ ಕಡೆಯೂ ಸಿಗುತ್ತದೆ. ಹೀಗಾಗಿ ಹೊಸ ಕೋಡ್ ಕೈಗೆ ಬರುವವರೆಗೆ ದೊಡ್ಡ ಹಣ ಕೊಡಬೇಡಿ.

ಹಾಗಾದರೆ ದಾರಿಗಳು ಯಾವುವು? ಒಂದೇ ಸಲ ಎಲ್ಲವನ್ನೂ ಕೊಳ್ಳುವುದು ಒಂದು. ಕಾಗದ ಸ್ವಚ್ಛ, ಆದರೆ ಮೇಲೆ ಹೇಳಿದ ಕೋಡ್‌ನ ಅಪಾಯ ಪೂರ್ತಿ ನಿಮ್ಮದು. ಎರಡನೆಯದು, ಮೊದಲು ಒಂದೆರಡು ವರ್ಷ ಯಂತ್ರ, ಶೆಡ್ ಎರಡನ್ನೂ ಬಾಡಿಗೆಗೆ ತೆಗೆದುಕೊಂಡು ನಡೆಸುವುದು, ಕೊಳ್ಳುವ ಬೆಲೆಯನ್ನು ಇಂದೇ ಬರೆದಿಡುವುದು. ಸಾಲದ ಭಾರ ಇಲ್ಲ. ಆದರೆ ನೀವು ಬೆಳೆಸಿದ ಮೇಲೆ ಯಜಮಾನರ ಮನಸ್ಸು ಬದಲಾಗಬಹುದು, ಅವರಿಗೇ ಏನಾದರೂ ಆಗಬಹುದು. ನನ್ನ ಹತ್ತಿರ ಬಂದಿದ್ದ ಒಬ್ಬ ಟರ್ನರ್ ಬರೀ ಮಾತಿನ ಮೇಲೆ ನಾಲ್ಕು ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು. ಹಿರಿಯರು ತೀರಿಕೊಂಡರು. ಮಕ್ಕಳು ‘ನಮಗೆ ಗೊತ್ತಿಲ್ಲ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಯಾವ ದಾರಿ ಹಿಡಿದರೂ ಅಮೆರಿಕದ ಇಬ್ಬರು ಮಕ್ಕಳ ಒಪ್ಪಿಗೆ ಸಹಿ ಬೇಕು.

ಮೂರನೆಯದು ಕೆಲಸಗಾರರೆಲ್ಲ ಸೇರಿ ಕೊಳ್ಳುವುದು. ನಮ್ಮಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ. 1957ರಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರೇ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟ್‌ಗೆ ಬಂದ ಇಂಡಿಯನ್ ಕಾಫಿ ಹೌಸ್ ಇವತ್ತಿಗೂ ನಡೆಯುತ್ತಿದೆ. ಕಾರ್ಖಾನೆಯ ಕಥೆ ಇದಕ್ಕಿಂತ ಕಷ್ಟದ್ದು. ಮುಂಬೈನ ಕಮಾನಿ ಟ್ಯೂಬ್ಸ್ ನಿಂತುಹೋದಾಗ ಕಾರ್ಮಿಕರೇ ಅದನ್ನು ನಡೆಸುವ ಯೋಜನೆಗೆ 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೆಲವು ವರ್ಷ ನಡೆಯಿತು, ಮತ್ತೆ ಬಿತ್ತು. ಆಮೇಲೆ ಅದನ್ನು ಎತ್ತಿ ನಿಲ್ಲಿಸಿದವರು ಕಲ್ಪನಾ ಸರೋಜ್, ವಿದರ್ಭದ ಅಕೋಲಾ ಜಿಲ್ಲೆಯ ದಲಿತ ಕುಟುಂಬದಿಂದ ಬಂದು, ಮುಂಬೈನಲ್ಲಿ ಹೊಲಿಗೆ ಕೆಲಸದಿಂದ ಶುರು ಮಾಡಿದ ಹೆಣ್ಣುಮಗಳು. 2013ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೆಲಸಗಾರರಿಂದ ಆಗುವುದಿಲ್ಲ ಎಂದು ನಾನು ಈ ಕಥೆ ಹೇಳುತ್ತಿಲ್ಲ. ಯಂತ್ರ ಓಡಿಸಲು ಕೈ ಬೇಕು, ದುಡ್ಡು ಬರುವವರೆಗೆ ತಾಳಲು ಬಂಡವಾಳ ಬೇಕು, ಕೊನೇ ಮಾತು ಯಾರದು ಎಂಬುದೂ ಮೊದಲೇ ಗೊತ್ತಿರಬೇಕು. ನಿಮ್ಮಲ್ಲಿ ಇಬ್ಬರು ಮೂವರು ಹಳಬರು ತಲಾ ಒಂದೆರಡು ಲಕ್ಷ ಹಾಕಿ ಪಾಲು ಕೇಳಿದರೆ ಖಂಡಿತ ಸೇರಿಸಿಕೊಳ್ಳಿ. ಸೂಪರ್‌ವೈಸರ್ ಓನರ್ ಆದ ಮೇಲೆ ಶಾಪ್‌ನಲ್ಲಿ ಮುಖ ತಿರುಗಿಸುವವರು ಇದ್ದೇ ಇರುತ್ತಾರೆ, ಅದರಲ್ಲೂ ನಿಮ್ಮ ಜಾತಿ ನೋಡಿ. ಪಾಲುದಾರರಾದ ಹಳಬರು ಜೊತೆಗಿದ್ದರೆ ಆ ಗಾಳಿ ಬೇಗ ಇಳಿಯುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ನಾಲ್ಕನೇ ದಾರಿ ಹಿಡಿಯುತ್ತೇನೆ. ಹೊಸ ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ ಮಾಡಿ. ಮೊದಲ ದಿನದಿಂದ ನಿಮ್ಮ ಪಾಲು, ನಿಮ್ಮ ನಿಯಂತ್ರಣ ಶೇ 51. ಯಜಮಾನರದು ಶೇ 49, ಅದು ಅವರಿಗೆ ಕಟ್ಟುವ ಕಂತುಗಳ ಜೊತೆ ಕರಗುತ್ತಾ ಬರಲಿ. ಅವರ 25 ಲಕ್ಷ ಅದರಲ್ಲೇ ಉಳಿಯುತ್ತದೆ. ಸಾಮಾನ್ಯ ಪಾಲುದಾರಿಕೆ ಬೇಡ, ಅದರಲ್ಲಿ ಸಂಸ್ಥೆಯ ಸಾಲಕ್ಕೆ ನಿಮ್ಮ ಮನೆಮಠವೂ ಹೊಣೆ. ಗಿರಾಕಿಯ ಖರೀದಿ ವಿಭಾಗಕ್ಕೆ ಯಜಮಾನರೇ ನಿಮ್ಮನ್ನು ಕರೆದುಕೊಂಡು ಹೋಗಿ, ‘ನಾನೂ ಇದರಲ್ಲಿದ್ದೇನೆ, ಇನ್ನು ಮುಂದೆ ಇವರೇ ನೋಡಿಕೊಳ್ತಾರೆ’ ಎಂದು ಹೇಳಲಿ. ಹೊಸ ಕೋಡ್‌ಗೆ ಅರ್ಜಿ ಅವತ್ತೇ ಹಾಕಿ. ಅದು ಬರುವವರೆಗೆ ಹಳೇ ಫರ್ಮ್ ಹೆಸರಲ್ಲೇ ಬಿಲ್ ನಡೆಯಲಿ. ಕೋಡ್ ಬಂದ ಮೇಲೆ ಬ್ಯಾಂಕ್ ಸಾಲ ಎತ್ತಿ ಯಂತ್ರ ವರ್ಗಾಯಿಸಿ. ಮಾರುವವರೇ ಪಾಲುದಾರರೂ ಆಗಿರುವುದರಿಂದ ಬ್ಯಾಂಕ್ ಬೆಲೆಯನ್ನು ಅನುಮಾನದಿಂದ ನೋಡುತ್ತದೆ. ವ್ಯಾಲ್ಯುಯರ್ ವರದಿ ಅದಕ್ಕೇ ಬೇಕು.

ಶೆಡ್‌ಗೆ ಹತ್ತು ವರ್ಷದ ನೋಂದಾಯಿತ ಲೀಸ್ ಇರಲಿ. ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಎಂದು ಬರೆಸಿ. ಜಾಗ ಕೈಗಾರಿಕೆಗೆ ನಿವೇಶನ, ಶೆಡ್ ಹಂಚುವ ಸರ್ಕಾರಿ ಸಂಸ್ಥೆಗಳಾದ ಕೆಐಎಡಿಬಿ ಅಥವಾ ಕೆಎಸ್‌ಎಸ್‌ಐಡಿಸಿಯದ್ದಾದರೆ ಬಾಡಿಗೆಗೆ ಕೊಡಲು ಅವರ ಅನುಮತಿ ಬೇಕೇ ಎಂದು ಹಂಚಿಕೆ ಪತ್ರದಲ್ಲಿ ನೋಡಿ. ಮಾಲಿನ್ಯ ಮಂಡಳಿಯ ಒಪ್ಪಿಗೆ, ಬೆಸ್ಕಾಂ ಸಂಪರ್ಕ, ಇವೆಲ್ಲ ಹೆಸರು ಬದಲಾವಣೆಯ ಓಡಾಟ. ಬೇಸರದ ಕೆಲಸ, ಆದರೆ ಅಪಾಯ ಇಲ್ಲ.

ಶೇ 51ರಿಂದ ಇನ್ನೊಂದು ಲಾಭ ಇದೆ. ಕೇಂದ್ರದ 2012ರ ಖರೀದಿ ನೀತಿಯಂತೆ ಕೇಂದ್ರ ಸರ್ಕಾರದ ಇಲಾಖೆಗಳು, ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 4ನ್ನು ಎಸ್‌ಸಿ, ಎಸ್‌ಟಿ ಮಾಲೀಕತ್ವದ ಸಣ್ಣ ಘಟಕಗಳಿಂದ ಮಾಡಬೇಕು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಮೂರೂ ಬೆಂಗಳೂರಲ್ಲೇ ಇವೆ. ನಿಜವಾದ ಖರೀದಿ ಆ ಗುರಿಗಿಂತ ಬಹಳ ಕೆಳಗಿದೆ, ಅದಕ್ಕೆ ಒಂದು ಕಾರಣ ಗುಣಮಟ್ಟದ ಮೆಷಿನಿಂಗ್ ಮಾಡುವ ಎಸ್‌ಸಿ, ಎಸ್‌ಟಿ ಘಟಕಗಳು ಕಡಿಮೆ ಇರುವುದು. ನಿಮ್ಮ ಶಾಪ್ ನಿಮ್ಮದಾದ ದಿನ ಅದಕ್ಕೆ ಯಜಮಾನರ ಕಾಲದಲ್ಲಿ ಇಲ್ಲದ ಒಂದು ಬಾಗಿಲು ತೆರೆಯುತ್ತದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್ ಈ ಖರೀದಿಗೆ ಬೇಕಾದ ನೋಂದಣಿಗೆ ನೆರವಾಗುತ್ತದೆ. ಮುಂದೆ ಯಂತ್ರ ಕೊಳ್ಳುವಾಗ ಶೇ 25, ಹೆಚ್ಚೆಂದರೆ 25 ಲಕ್ಷದ ಸಬ್ಸಿಡಿಯೂ ಅಲ್ಲಿದೆ. ದಲಿತ ಉದ್ಯಮಿಗಳ ಸಂಘಟನೆ ‘ಡಿಕ್ಕಿ’ (DICCI) 2005ರಿಂದ ಇದೆ, ಈ ಹಾದಿ ತುಳಿದವರ ಪರಿಚಯ ಅಲ್ಲಿ ಸಿಗುತ್ತದೆ. ಆದರೆ ಈ ಆರ್ಡರ್‌ಗಳು ಬರಲು ವರ್ಷಗಳೇ ಬೇಕು. ಇದನ್ನು ನಂಬಿ ಇಂದಿನ ಕಂತು ಲೆಕ್ಕ ಹಾಕಬೇಡಿ.

ಆ ಬಾಗಿಲಿಗಾಗಿಯೇ ‘ದುಡ್ಡು ನಮ್ಮದು, ಹೆಸರು ನಿಮ್ಮದು’ ಎಂದು ಬಂದಿರುವವರು ನಿಮ್ಮನ್ನು ಹುಡುಕಿಕೊಂಡು ಬಂದಿರುವುದು. ದಯವಿಟ್ಟು ಬೇಡ. ಚೆಕ್ ಪುಸ್ತಕ ಅವರ ಹತ್ತಿರ, ಸಹಿ ಮಾತ್ರ ನಿಮ್ಮದು. ಟೆಂಡರ್‌ನಲ್ಲಿ ಎಡವಟ್ಟಾದರೆ ಕಪ್ಪುಪಟ್ಟಿಗೆ ಸೇರುವುದು ನಿಮ್ಮ ಹೆಸರು, ಸಾಲ ಕಟ್ಟದಿದ್ದರೆ ಸಿಬಿಲ್ ಹಾಳಾಗುವುದು ನಿಮ್ಮದು. ನಿಮ್ಮ ಸಮುದಾಯಕ್ಕೆ ಮೀಸಲಾದದ್ದೂ ಬೇರೆಯವರ ಪಾಲಾಗುತ್ತದೆ. ಯಜಮಾನರ ಜೊತೆಗಿನ ಶೇ 51 ಕೂಡ ಹೀಗೆ ಆಗದಂತೆ ನೋಡಿಕೊಳ್ಳಿ: ಬ್ಯಾಂಕ್ ಸಹಿ, ಬೆಲೆ ನಿರ್ಧಾರ, ಜನರನ್ನು ತೆಗೆದುಕೊಳ್ಳುವುದು, ಮೂರೂ ನಿಮ್ಮ ಕೈಯಲ್ಲಿರಬೇಕು.

ಈ ಭಾನುವಾರ ಯಜಮಾನರ ಮನೆಗೆ ಹೋಗಿ. ಬೆಲೆಯ ಮಾತು ಮೊದಲೇ ತೆಗೆಯಬೇಡಿ. ಮೂರು ಕಾಗದ ಕೇಳಿ: ಕಳೆದ ಮೂರು ವರ್ಷದ ಪಿಎಫ್, ಇಎಸ್‌ಐ ಚಲನ್‌ಗಳು, ಗಿರಾಕಿವಾರು ಮಾರಾಟದ ಪಟ್ಟಿ, ಶೆಡ್‌ನ ಹಂಚಿಕೆ ಪತ್ರ. ಅಮೆರಿಕದ ಮಕ್ಕಳನ್ನು ವಿಡಿಯೋ ಕರೆಯಲ್ಲಿ ಒಂದು ಸಲ ಕೂರಿಸಿ ಎಂದು ಕೇಳಿ. ಇಷ್ಟಕ್ಕೆ ಅವರು ಒಪ್ಪಿದರೆ, ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಭಾನುವಾರ ಮತ್ತೆ ಹೋಗಿ. ಒಪ್ಪದಿದ್ದರೆ ನನಗೆ ಬರೆಯಿರಿ, ಆಗ ಮಾತಾಡಬೇಕಾದ್ದು ಬೇರೆ ಇದೆ.